ಮೊದಲು ಬ್ಲಾಕ್ ಮಾಡಿಸಿ, ಆಮೇಲೆ ಹುಡುಕಿ

ಪರ್ಸ್ ಕಾಣದಾದಾಗ ನೀವು ಏನು ಮಾಡುತ್ತೀರಿ? ಜೇಬು ತಡಕುತ್ತೀರಿ. ಬ್ಯಾಗನ್ನು ಮಂಚದ ಮೇಲೆ ಸುರಿಯುತ್ತೀರಿ. ರೂಮಿನ ಗೆಳೆಯನಿಗೆ ಫೋನ್ ಮಾಡಿ ದಿಂಬಿನ ಕೆಳಗೆ ನೋಡಲು ಹೇಳುತ್ತೀರಿ. ಬೆಳಿಗ್ಗೆ ತಿಂಡಿ ತಿಂದ ದರ್ಶಿನಿಗೆ ಮರಳಿ ಹೋಗಿ ಕ್ಯಾಷಿಯರನ್ನು ವಿಚಾರಿಸುತ್ತೀರಿ. ಅಲ್ಲೂ ಇಲ್ಲವೆಂದಾಗ ‘ಎಲ್ಲೋ ಇಟ್ಟಿರಬೇಕು, ನಾಳೆ ಮತ್ತೆ ನೋಡೋಣ’ ಎಂದು ಮಲಗಿಬಿಡುತ್ತೀರಿ. ಬ್ಯಾಂಕಿಗೆ ತಿಳಿಸುವುದು ಎಲ್ಲಕ್ಕಿಂತ ಕೊನೆಗೆ. ಮಕ್ಕಳೇ, ಈ ಕ್ರಮವನ್ನು ತಿರುಗಿಸಿ. ಕೊನೆಗೆ ಮಾಡುವುದನ್ನು ಮೊದಲು ಮಾಡಿ. ಕಾರ್ಡನ್ನು ನಿಲ್ಲಿಸಿದ ಮೇಲೆ ಎಷ್ಟು ಹೊತ್ತು ಬೇಕಾದರೂ ಹುಡುಕಿ.

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತೇ ತಲೆ ನರೆಸಿಕೊಂಡವನು ನಾನು. ಕಾರ್ಡ್ ಹೋಯಿತೆಂದು ಬಂದ ಎಷ್ಟೋ ಹುಡುಗ ಹುಡುಗಿಯರ ಮುಖ ನೋಡಿದ್ದೇನೆ. ಕೂಡಲೇ ತಿಳಿಸಿದವರ ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಅರ್ಜಿ, ಒಂದಿಷ್ಟು ಶುಲ್ಕ, ಹೊಸ ಕಾರ್ಡಿಗಾಗಿ ಕೆಲವು ದಿನ ಕಾಯುವುದು, ಅಷ್ಟೆ. ಕೌಂಟರಿನ ಮುಂದೆ ಕಣ್ಣೀರು ಹಾಕಿದವರು ತಡ ಮಾಡಿದವರು. ‘ನಿನ್ನೆಯೇ ಯಾಕಮ್ಮ ಹೇಳಲಿಲ್ಲ’ ಎಂದು ಕೇಳಿದರೆ, ಸಿಗಬಹುದು ಅಂದುಕೊಂಡೆ ಅನ್ನುತ್ತಿದ್ದರು. ಅಪ್ಪ ಬೈತಾರೆ ಅಂತ ಹೆದರಿದೆ ಅನ್ನುತ್ತಿದ್ದರು. ಬ್ಲಾಕ್ ಮಾಡಿಸಿದರೆ ಹೊಸದು ಬರುವವರೆಗೆ ಖರ್ಚಿಗೆ ಏನು ಮಾಡಲಿ ಅಂತ ಸುಮ್ಮನಿದ್ದೆ ಅನ್ನುವವರೂ ಇದ್ದರು. ಎಲ್ಲವೂ ನನಗೆ ಅರ್ಥವಾಗುವ ಕಾರಣಗಳೇ. ಆದರೆ ಖಾತೆಯಿಂದ ಹಣ ಹೋಗಿದ್ದು ಆ ಸುಮ್ಮನಿದ್ದ ಹೊತ್ತಿನಲ್ಲಿ.

ಈ ನಿಧಾನವನ್ನು ನಿಮಗೆ ಕಲಿಸಿದವರು ಒಂದು ರೀತಿಯಲ್ಲಿ ನಾವೇ, ಹಿಂದಿನ ತಲೆಮಾರಿನವರು. ನಮ್ಮ ಕಾಲದಲ್ಲಿ ಕಳೆಯುತ್ತಿದ್ದುದು ಪಾಸ್‌ಬುಕ್. ಅದು ಬಸ್ಸಿನಲ್ಲಿ ಬಿದ್ದುಹೋದರೆ ಯಾರ ಎದೆಯೂ ನಡುಗುತ್ತಿರಲಿಲ್ಲ. ಹಣ ತೆಗೆಯಬೇಕಾದರೆ ಶಾಖೆಗೇ ಬರಬೇಕು, ಚೀಟಿ ಬರೆಯಬೇಕು, ಅದರ ಮೇಲಿನ ಸಹಿಯನ್ನು ನಾವು ನಮ್ಮಲ್ಲಿದ್ದ ಮಾದರಿ ಸಹಿಯ ಪಕ್ಕದಲ್ಲಿಟ್ಟು ನೋಡಬೇಕು. ಆಮೇಲೆ ಕೈಗೊಂದು ಹಿತ್ತಾಳೆಯ ಟೋಕನ್. ಆ ನಂಬರ್ ಕೂಗಿದಾಗ ಕ್ಯಾಷ್ ಕೌಂಟರಿನಲ್ಲಿ ಮತ್ತೊಮ್ಮೆ ಮುಖ ನೋಡಿ ಹಣ. ಊರಿನ ಶಾಖೆಯಲ್ಲಿ ಮ್ಯಾನೇಜರರಿಗೆ ಗಿರಾಕಿಯ ಹೆಸರಷ್ಟೇ ಅಲ್ಲ, ಮನೆತನವೂ ಗೊತ್ತಿರುತ್ತಿತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ತಂದಾಗ ಏಜೆಂಟರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು ಹೋಗುತ್ತಿದ್ದರು. ಹಣ ಒಯ್ಯುವವನ ಮುಖ ಕರಾವಳಿಯ ಆ ಮನೆಗಳಿಗೆ ಪರಿಚಿತ, ಮನೆಯವರ ಮುಖ ಅವನಿಗೆ ಪರಿಚಿತ. ಅಂಥ ವ್ಯವಸ್ಥೆಯಲ್ಲಿ ‘ಮೊದಲು ಹುಡುಕೋಣ, ಸಿಗದಿದ್ದರೆ ಸೋಮವಾರ ಶಾಖೆಗೆ ಹೋಗೋಣ’ ಎಂಬುದು ಸರಿಯಾದ ಬುದ್ಧಿಯೇ ಆಗಿತ್ತು. ಆ ನಿಧಾನವೇ ನಮ್ಮ ಹಣವನ್ನು ಕಾಯುತ್ತಿತ್ತು.

ಇಂದಿನ ಕಾರ್ಡಿಗೆ ನಿಮ್ಮ ಮುಖ ಗೊತ್ತಿಲ್ಲ. ವೈಫೈಯಂಥ ಗೆರೆಗಳ ಗುರುತು ಇರುವ ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ತೋರಿಸಿದರೆ ಸಾಕು, ಒಂದು ಸಲಕ್ಕೆ 5,000 ರೂಪಾಯಿಯವರೆಗೆ ಪಿನ್ ಇಲ್ಲದೆಯೇ ಹೋಗುತ್ತದೆ. ಮೊದಲು 2,000 ಇದ್ದ ಈ ಮಿತಿಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ ಏರಿಸಿತು. ಹಾಗೆಯೇ ನಮ್ಮ ದೇಶದ ಜಾಲತಾಣಗಳಲ್ಲಿ ಕಾರ್ಡ್ ಬಳಸಿದರೆ ಒಟಿಪಿ ಕೇಳುತ್ತವೆಂದು ನೀವು ನೆಮ್ಮದಿಯಿಂದ ಇರುತ್ತೀರಿ. ಅಂಥ ಎರಡನೆಯ ದೃಢೀಕರಣ ಇಲ್ಲಿ 2009ರಿಂದ ಕಡ್ಡಾಯವಾಗಿರುವುದು ನಿಜ. ಆದರೆ ಹೊರದೇಶದ ಎಷ್ಟೋ ತಾಣಗಳು ಕಾರ್ಡಿನ ನಂಬರ್, ಅವಧಿ, ಹಿಂಬದಿಯ ಮೂರಂಕಿಯ ಸಿವಿವಿ ಇಷ್ಟಿದ್ದರೆ ಒಟಿಪಿ ಕೇಳದೆಯೇ ಹಣ ಪಡೆಯುತ್ತವೆ. ಕಾರ್ಡ್ ಸಿಕ್ಕವನಿಗೆ ಆ ಮೂರೂ ಒಂದೇ ತುಂಡಿನ ಮೇಲೆ ಸಿಕ್ಕಿರುತ್ತವೆ. ನೀವು ದರ್ಶಿನಿಯ ಟೇಬಲ್ ಕೆಳಗೆ ಬಗ್ಗಿ ನೋಡುತ್ತಿರುವ ಹೊತ್ತು ಅವನದು.

ನಿಲ್ಲಿಸುವುದು ಹೇಗೆ ಎಂದು ಕೇಳಿ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆಯಿರಿ, ಕಾರ್ಡ್ ವಿಭಾಗಕ್ಕೆ ಹೋಗಿ. ಕಾರ್ಡಿನ ಬಳಕೆಯನ್ನು ಹಗಲು ರಾತ್ರಿಯೆನ್ನದೆ ನೀವೇ ಆನ್, ಆಫ್ ಮಾಡುವ, ಮಿತಿಯನ್ನು ಏರಿಸುವ ಇಳಿಸುವ ಅವಕಾಶವನ್ನು ಪ್ರತಿ ಬ್ಯಾಂಕೂ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಆದೇಶಿಸಿದೆ. ಕಾರ್ಡ್ ಮನೆಯಲ್ಲೇ ಇರಬಹುದೆಂಬ ಅನುಮಾನವಿದ್ದರೆ ತಾತ್ಕಾಲಿಕವಾಗಿ ಆಫ್ ಮಾಡಿ. ಸಿಕ್ಕರೆ ಮತ್ತೆ ಆನ್ ಮಾಡಿಕೊಳ್ಳಿ, ನಷ್ಟವೇನಿಲ್ಲ. ‘ಸಿಗಬಹುದು’ ಎಂಬ ಆಸೆ ಇದ್ದವರಿಗೂ ಈಗ ತಡಮಾಡಲು ಕಾರಣ ಉಳಿದಿಲ್ಲ. ಕಳೆದದ್ದು ಖಚಿತವಾದರೆ, ಕದ್ದಿದ್ದಾರೆಂದು ಗೊತ್ತಾದರೆ, ಶಾಶ್ವತವಾಗಿ ಬ್ಲಾಕ್ ಮಾಡಿಸಿ. ಹಾಗೆ ಬ್ಲಾಕ್ ಆದ ಕಾರ್ಡ್ ಮಾರನೆಯ ದಿನ ಪ್ಯಾಂಟಿನ ಜೇಬಿನಲ್ಲೇ ಸಿಕ್ಕರೂ ಸಾಮಾನ್ಯವಾಗಿ ಮತ್ತೆ ಕೆಲಸ ಮಾಡುವುದಿಲ್ಲ. ಅದನ್ನು ಚಿಪ್ ಮೇಲೆ ಕತ್ತರಿ ಹಾಯಿಸಿ ಎಸೆದುಬಿಡಿ. ಕಾರ್ಡಿನ ನಂಬರ್ ನೆನಪಿಲ್ಲವಲ್ಲ ಎಂದು ಹಿಂಜರಿಯಬೇಡಿ. ನೋಂದಾಯಿಸಿದ ಮೊಬೈಲ್ ನಂಬರ್, ಖಾತೆಯ ನಂಬರ್ ಹೇಳಿದರೆ ಬ್ಯಾಂಕಿನವರು ನಿಮ್ಮ ಗುರುತು ಖಚಿತಪಡಿಸಿಕೊಂಡು ಕಾರ್ಡ್ ಹುಡುಕಿಕೊಳ್ಳುತ್ತಾರೆ.

ಬ್ಯಾಂಕಿನ ಸಹಾಯವಾಣಿ ನಂಬರ್ ಎಲ್ಲಿ ಅಚ್ಚಾಗಿರುತ್ತದೆ ಗೊತ್ತೆ? ಕಾರ್ಡಿನ ಹಿಂಬದಿಯಲ್ಲಿ. ಕಾರ್ಡ್ ಹೋದರೆ ನಂಬರೂ ಹೋಯಿತು. ಆಗ ನೀವು ಮಾಡುವುದು ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಬರೆದು ‘ಕಸ್ಟಮರ್ ಕೇರ್’ ಎಂದು ಹುಡುಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ವಂಚಕರು ತಮ್ಮ ನಂಬರುಗಳನ್ನು ಬ್ಯಾಂಕಿನ ಹೆಸರಿನಲ್ಲಿ ಹಾಕಿಟ್ಟು ಕಾಯುತ್ತಿರುತ್ತಾರೆ. ಗಾಬರಿಯಲ್ಲಿರುವವನು ತಾನಾಗಿಯೇ ಫೋನ್ ಮಾಡಿದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ. ‘ಚಿಂತೆ ಮಾಡಬೇಡಿ ಸರ್, ಈಗಲೇ ಬ್ಲಾಕ್ ಮಾಡ್ತೀವಿ’ ಎಂದು ಸಮಾಧಾನದಿಂದಲೇ ಮಾತಾಡಿ ಪರದೆ ಹಂಚುವ ಆ್ಯಪ್ ಹಾಕಿಸುತ್ತಾರೆ, ಒಟಿಪಿ ಕೇಳುತ್ತಾರೆ. ಕಾರ್ಡ್ ಕಳೆದವನು ಖಾತೆಯನ್ನೂ ಕಳೆದುಕೊಳ್ಳುವುದು ಹೀಗೆ. ಬ್ಯಾಂಕಿನವನೆಂದು ಹೇಳಿಕೊಂಡು ಪಿನ್ ಅಥವಾ ಒಟಿಪಿಯನ್ನು ಬಾಯಿಬಿಟ್ಟು ಹೇಳು ಎನ್ನುವವನು ಬ್ಯಾಂಕಿನವನಲ್ಲ, ಇದರಲ್ಲಿ ಅನುಮಾನವೇ ಬೇಡ. ಈ ಬರಹವನ್ನು ಇಲ್ಲಿಗೆ ನಿಲ್ಲಿಸಿ, ನಿಮ್ಮ ಕಾರ್ಡನ್ನು ತೆಗೆದು, ಹಿಂಬದಿಯ ನಂಬರನ್ನು ಈಗಲೇ ಬರೆದುಕೊಳ್ಳಿ. ಫೋನಿನಲ್ಲಿ ಉಳಿಸಿದರೆ ಸಾಲದು, ಫೋನ್ ಕೂಡ ಕಳೆಯಬಹುದು. ರೂಮಿನ ಗೆಳೆಯರ ಫೋನಿನಲ್ಲೂ ಉಳಿಸಿ, ಊರಿನ ಮನೆಯ ಕ್ಯಾಲೆಂಡರಿನ ಹಿಂದೆಯೂ ಬರೆದಿಡಿ. ಬೆಂಗಳೂರು, ಉಡುಪಿ, ಮಣಿಪಾಲದ ಎಷ್ಟೋ ಬ್ಯಾಂಕುಗಳು ಈಚಿನ ವರ್ಷಗಳಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾಗಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಹೋದವು. ಮನೆಯಲ್ಲಿ ಹಿರಿಯರು ಹಳೆಯ ಡೈರಿಯಲ್ಲಿ ಬರೆದಿಟ್ಟ ನಂಬರ್ ಆ ಕಾಲದ್ದಾಗಿರಬಹುದು, ಅದನ್ನೂ ತಿದ್ದಿ.

ಈಗಿನ ಹುಡುಗರಲ್ಲಿ ನಾನು ಕಾಣುವ, ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಅಭ್ಯಾಸವೊಂದಿದೆ. ಮೊಬೈಲಿನ ಹಿಂಬದಿಯ ಕವರಿನೊಳಗೆ ಎಟಿಎಂ ಕಾರ್ಡ್ ಸಿಕ್ಕಿಸಿಕೊಂಡು ಓಡಾಡುವುದು. ಪರ್ಸ್ ಹೊರುವ ತೊಂದರೆ ತಪ್ಪಿತು ಎನ್ನುತ್ತೀರಿ. ಯೋಚಿಸಿ ನೋಡಿ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು, ನಿಮ್ಮ ಮೊಬೈಲಿಗೆ ಬರುವ ಒಟಿಪಿ. ಯುಪಿಐ ಪಿನ್ ಹೊಸದಾಗಿ ಇಡಲು ಮುಖ್ಯವಾಗಿ ಬೇಕಾಗುವುದು ಇವೇ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ ಕೂಡ ಕೇಳುತ್ತವೆ, ಎಲ್ಲವೂ ಅಲ್ಲ. ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ಆ ಫೋನ್ ಎಗರಿಸಿದವನಿಗೆ ನೀವು ಬಾಗಿಲನ್ನೂ ಬೀಗದ ಕೈಯನ್ನೂ ಒಟ್ಟಿಗೇ ಕೊಟ್ಟಂತಾಯಿತು. ಫೋನ್ ಒಂದು ಕಡೆ, ಕಾರ್ಡ್ ಒಂದು ಕಡೆ ಇರಲಿ. ಸಿಮ್‌ಗೆ ಪಿನ್ ಹಾಕಿ, ಆಗ ಅದನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅವನಿಗೆ ಬರುವುದಿಲ್ಲ. ಲಾಕ್ ಆದ ಪರದೆಯ ಮೇಲೆ ಸಂದೇಶದ ಒಳಗಿನ ಮಾತು ಕಾಣದಂತೆ ಸೆಟ್ಟಿಂಗ್ ಬದಲಿಸಿ.

ಎರಡೂ ಒಟ್ಟಿಗೆ ಹೋದರೆ ಪಕ್ಕದಲ್ಲಿರುವವರ ಫೋನ್ ಬೇಡಿ ಪಡೆಯಿರಿ, ಸಂಕೋಚ ಬೇಡ. ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಿ ಎಂದಷ್ಟೇ ಹೇಳಿ ಇಟ್ಟುಬಿಡಬೇಡಿ. ಕಾರ್ಡ್ ಬ್ಲಾಕ್ ಆದರೂ ಯುಪಿಐ ನಡೆಯುತ್ತಲೇ ಇರುತ್ತದೆ, ಅದು ಹೋಗುವುದು ನೇರ ಖಾತೆಯಿಂದ. ಆದ್ದರಿಂದ ಕಾರ್ಡ್, ಯುಪಿಐ, ಮೊಬೈಲ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ ಎಂದು ಬಾಯಿಬಿಟ್ಟು ಕೇಳಿ. ಆಮೇಲೆ ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ. ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಆ ಹ್ಯಾಂಡ್‌ಸೆಟ್ಟನ್ನೇ ನಿಷ್ಕ್ರಿಯಗೊಳಿಸಬಹುದು. ಅದು ಆಮೇಲಿನ ಮಾತು. ಮೊದಲು ಹಣ.

ಸರಿ, ಅಷ್ಟರಲ್ಲಿ ಹಣ ಹೋಗಿಯೇ ಬಿಟ್ಟಿದ್ದರೆ? ಇಲ್ಲಿ ಎಷ್ಟೋ ಮಕ್ಕಳು ಕೈಚೆಲ್ಲುವುದನ್ನು ಕಂಡಿದ್ದೇನೆ. ‘ಹೋದದ್ದು ಹೋಯಿತು, ಬ್ಯಾಂಕಿನವರು ಕೊಡ್ತಾರಾ’ ಎಂದು ದೂರನ್ನೇ ಕೊಡುವುದಿಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಒಂದು ಸುತ್ತೋಲೆಯನ್ನು ನಾನು ಕೌಂಟರಿಗೆ ಬಂದ ಎಷ್ಟೋ ಮಂದಿಗೆ ಓದಿ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ನಿಮ್ಮ ಒಪ್ಪಿಗೆಯಿಲ್ಲದೆ ಹಣ ಹೋದದ್ದು ಬ್ಯಾಂಕಿನ ಲೋಪದಿಂದಾದರೆ, ನೀವು ತಿಳಿಸಿದರೂ ಬಿಟ್ಟರೂ ಹೊಣೆ ಬ್ಯಾಂಕಿನದು. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಬೇರೆಲ್ಲೋ ಆಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಒಂದು ರೂಪಾಯಿಯ ಹೊರೆಯೂ ಬೀಳುವುದಿಲ್ಲ. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಾರನೆಯ ದಿನದಿಂದ ಎಣಿಕೆ. 4ರಿಂದ 7 ಕೆಲಸದ ದಿನಗಳ ನಡುವೆ ತಿಳಿಸಿದರೆ ನಿಮ್ಮ ಹೊರೆಗೆ ಒಂದು ಮಿತಿ ಇದೆ. ಸಾಮಾನ್ಯ ಉಳಿತಾಯ ಖಾತೆಗೆ ಅದು ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಗಳಿಗೆ 5,000. 7 ದಿನ ಮೀರಿತೆಂದರೆ ಆಯಾ ಬ್ಯಾಂಕಿನ ನೀತಿಯಂತೆ. ಇನ್ನು ತಪ್ಪು ನಿಮ್ಮದೇ ಆಗಿದ್ದರೆ, ಪಿನ್ ಯಾರಿಗೋ ಹೇಳಿದ್ದರೆ, ನೀವು ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದು. ತಿಳಿಸಿದ ಕ್ಷಣದ ನಂತರ ಹೋದದ್ದು ಬ್ಯಾಂಕಿನದು.

ಈ ಕೊನೆಯ ಮಾತನ್ನು ಎರಡು ಸಲ ಓದಿ. ನಿಮ್ಮ ಕೈಯಲ್ಲಿ ತಪ್ಪಾಗಿದ್ದರೂ ತಿಳಿಸಿದ ನಿಮಿಷ ಒಂದು ಗೆರೆ ಎಳೆಯುತ್ತದೆ. ತಪ್ಪು ಮಾಡಿದ್ದೇನೆಂಬ ನಾಚಿಕೆಯಿಂದ ಸುಮ್ಮನಿರುವವರು ಆ ಗೆರೆಯನ್ನು ತಾವೇ ಮುಂದಕ್ಕೆ ತಳ್ಳುತ್ತಿದ್ದಾರೆ. ಆ ನಿಮಿಷಕ್ಕೆ ಸಾಕ್ಷಿ ಬೇಕು. ಆದ್ದರಿಂದ ಸಹಾಯವಾಣಿಯವರು ಕೊಡುವ ದೂರಿನ ನಂಬರನ್ನು ಗಂಟೆ, ನಿಮಿಷದ ಸಹಿತ ಬರೆದಿಟ್ಟುಕೊಳ್ಳಿ. ಬ್ಲಾಕ್ ಆಯಿತೆಂಬ ಎಸ್‌ಎಂಎಸ್ ಅಳಿಸಬೇಡಿ. ಫೋನಿನಲ್ಲಿ ಹೇಳಿದ್ದನ್ನೇ ಅದೇ ದಿನ ಇಮೇಲ್‌ನಲ್ಲೂ ಬರೆಯಿರಿ. ತಿಳಿಸಿದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕ್ ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳೊಳಗೆ ವಿಚಾರಣೆ ಮುಗಿಸಬೇಕು. ತಪ್ಪು ಗಿರಾಕಿಯದು ಎಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನ ಮೇಲೆಯೇ ಇದೆ. ‘ನೀವೇ ಪಿನ್ ಕೊಟ್ಟಿರಬೇಕು ಬಿಡಿ’ ಎಂದು ಯಾರಾದರೂ ಗದರಿಸಿ ಕಳಿಸಿದರೆ ಹಾಗೆಯೇ ಮರಳಬೇಡಿ, ಲಿಖಿತ ಉತ್ತರ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. 14448ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ.

ಇಷ್ಟೆಲ್ಲ ರಕ್ಷಣೆಯೂ ಒಂದು ಕಡೆ ಬಂದು ಕುಸಿಯುತ್ತದೆ, ಅದು ಪಿನ್ ಹಂಚಿಕೆ. ಬೆಂಗಳೂರಿನಲ್ಲೇ ನಡೆದದ್ದನ್ನು ಹೇಳುತ್ತೇನೆ. 2013ರ ನವೆಂಬರಿನಲ್ಲಿ ಮಾರತ್ತಹಳ್ಳಿಯ ಬಾಣಂತಿಯೊಬ್ಬರು ಹೊರಗೆ ಹೋಗಲಾಗದೆ ಗಂಡನ ಕೈಗೆ ತಮ್ಮ ಕಾರ್ಡ್ ಕೊಟ್ಟು, ಪಿನ್ ಹೇಳಿ, 25,000 ರೂಪಾಯಿ ತರಲು ಕಳಿಸಿದರು. ಯಂತ್ರದಿಂದ ಹಣ ಬರಲಿಲ್ಲ, ಹಣ ಕೊಟ್ಟೆನೆಂಬ ಚೀಟಿ ಬಂತು. ಬ್ಯಾಂಕ್ ಒಪ್ಪಲಿಲ್ಲ. ಪ್ರಕರಣ ಗ್ರಾಹಕರ ವೇದಿಕೆಗೆ ಹೋಗಿ ವರ್ಷಗಟ್ಟಲೆ ನಡೆಯಿತು. 2018ರಲ್ಲಿ ತೀರ್ಪು ಬಂದಾಗ, ಪಿನ್ ಅನ್ನು ಬೇರೆಯವರಿಗೆ ಹೇಳಿ ನಿಯಮ ಮುರಿದಿದ್ದಾರೆ ಎಂಬ ಬ್ಯಾಂಕಿನ ವಾದವೇ ಗೆದ್ದಿತು. ಆ ಬೇರೆಯವರು ಕೈ ಹಿಡಿದ ಗಂಡ. ನನಗೆ ಈ ತೀರ್ಪು ಕಠಿಣವೆಂದೇ ಅನ್ನಿಸಿದೆ. ಆದರೂ ನಿಯಮ ಎಲ್ಲಿ ನಿಂತಿದೆ ಎಂಬುದು ಅದರಿಂದ ತಿಳಿಯುತ್ತದೆ. ಹಾಸ್ಟೆಲ್ ಗೆಳೆಯನ ಕೈಗೆ ಕಾರ್ಡ್ ಕೊಟ್ಟು ‘ಐನೂರು ತಗೊಂಡು ಬಾ, ಪಿನ್ ಗೊತ್ತಲ್ಲ’ ಎನ್ನುವಾಗ ಇದು ನೆನಪಿರಲಿ. ಅವನು ಮೋಸಗಾರನೆಂದು ನಾನು ಹೇಳುತ್ತಿಲ್ಲ. ಹೇಳಬೇಕಾದದ್ದು ಇಷ್ಟೇ, ಮುಂದೆ ಎಂದೋ ಕಾರ್ಡ್ ಕಳೆದು ಹಣ ಹೋದಾಗ ಪಿನ್ ನನ್ನೊಬ್ಬನಿಗೇ ಗೊತ್ತಿತ್ತೆಂದು ಎದೆ ತಟ್ಟಿ ಹೇಳಲು ನಿಮ್ಮಿಂದಾಗಬೇಕು.

ಇದೇ ಕಾರಣಕ್ಕೆ ನಿಮ್ಮ ತಾಯಂದಿರ ಕಾರ್ಡಿನ ಬಗ್ಗೆ ನನಗೆ ಕಳವಳ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತಿದೆ. ಎಷ್ಟೋ ಹೆಂಗಸರು ತಮ್ಮ ಹೆಸರಿನ ಖಾತೆಯನ್ನು ಆಗಲೇ ಮೊದಲ ಬಾರಿಗೆ ಗಮನಿಸತೊಡಗಿದ್ದು. ಆದರೆ ಕಾರ್ಡ್ ಮಗನ ಪರ್ಸಿನಲ್ಲಿ, ಪಿನ್ ಕಾರ್ಡಿನ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ. ಆ ಪರ್ಸ್ ಕಳೆದರೆ ಅಮ್ಮನ ಹಣವೂ ಹೋಗುತ್ತದೆ, ಅವರಿಗೆ ಅದು ಗೊತ್ತಾಗುವುದೂ ಇಲ್ಲ, ಏಕೆಂದರೆ ಖಾತೆಗೆ ಜೋಡಿಸಿರುವ ಮೊಬೈಲ್ ನಂಬರೂ ನಿಮ್ಮದೇ. ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಎಟಿಎಂಗೆ ಹೋಗಿ. ಅವಸರ ಮಾಡದೆ, ಹಿಂದೆ ನಿಂತವರು ಗೊಣಗಿದರೂ ಪರವಾಗಿಲ್ಲವೆಂದು, ಅವರ ಕೈಯಲ್ಲೇ ಪಿನ್ ಒತ್ತಿಸಿ. ಅವರಿಗೆ ಮಾತ್ರ ನೆನಪಿರುವ ನಾಲ್ಕಂಕಿ ಇಡಿಸಿ. ಹುಟ್ಟಿದ ವರ್ಷ, ಬೈಕಿನ ನಂಬರ್, 1234 ಬೇಡ, ನಿಮಗೂ ಬೇಡ. ಪರ್ಸ್ ಕದ್ದವನ ಕೈಯಲ್ಲಿ ನಿಮ್ಮ ಡ್ರೈವಿಂಗ್ ಲೈಸೆನ್ಸೂ ಇರುತ್ತದೆ, ಹುಟ್ಟಿದ ತಾರೀಖು ಅದರ ಮೇಲೆಯೇ ಇದೆ.

ಎಟಿಎಂ ಎಂದ ಮೇಲೆ ಇನ್ನೊಂದನ್ನು ಹೇಳದೆ ಇರಲಾರೆ. ಕಾರ್ಡ್ ಕಳೆಯುವುದು ಜೇಬಿನಿಂದಲೇ ಆಗಬೇಕಿಲ್ಲ, ನಿಮ್ಮ ಕಣ್ಣೆದುರೇ ಬದಲಾಗಬಹುದು. ಸಂತೆಯ ದಿನ, ಸಂಬಳದ ದಿನ, ಯಂತ್ರದ ಮುಂದೆ ತಡಬಡಿಸುವವರ ಪಕ್ಕಕ್ಕೆ ಒಬ್ಬ ಬಂದು ‘ಕೊಡಿ ಅಜ್ಜಿ, ನಾನು ತೆಗೆದುಕೊಡ್ತೀನಿ’ ಎನ್ನುತ್ತಾನೆ. ಪಿನ್ ನೋಡಿಕೊಳ್ಳುತ್ತಾನೆ, ಮರಳಿ ಕೊಡುವಾಗ ಅದೇ ಬಣ್ಣದ ಬೇರೊಂದು ಕಾರ್ಡ್ ಕೊಡುತ್ತಾನೆ. ಹಣ ಹೋಗುವವರೆಗೆ ಯಾರಿಗೂ ತಿಳಿಯುವುದಿಲ್ಲ, ಕಾರ್ಡ್ ಕೈಯಲ್ಲೇ ಇದೆಯಲ್ಲ. ಎಟಿಎಂ ಬಿಟ್ಟು ಬರುವ ಮುನ್ನ ಕಾರ್ಡಿನ ಮೇಲಿರುವ ಹೆಸರು ಓದಿ. ಹೆಸರಿಲ್ಲದ ಕಾರ್ಡಾದರೆ ಕೊನೆಯ ನಾಲ್ಕಂಕಿ ನೋಡಿ. ಕಾರ್ಡ್ ಯಂತ್ರದಲ್ಲೇ ಸಿಕ್ಕಿಕೊಂಡರೆ ಅಲ್ಲಿಯೇ ನಿಂತು ಬ್ಯಾಂಕಿಗೆ ಕರೆ ಮಾಡಿ, ಗೋಡೆಗೆ ಅಂಟಿಸಿದ ಚೀಟಿಯ ನಂಬರಿಗಲ್ಲ. ಆ ಚೀಟಿಯನ್ನೂ, ಕಾರ್ಡ್ ಸಿಕ್ಕಿಕೊಳ್ಳುವ ಅಡ್ಡಿಯನ್ನೂ ಒಬ್ಬನೇ ಇಟ್ಟಿರಬಹುದು.

ಕಸಿದುಕೊಳ್ಳಲು ಬಂದವನ ಮುಂದೆ ಹಟ ಬೇಡ. 2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿ ಎಟಿಎಂ ಒಳಗೆ ಹೋದ ಮಹಿಳೆಯ ಹಿಂದೆಯೇ ನುಗ್ಗಿ, ಷಟರ್ ಎಳೆದು, ಮಚ್ಚು ಬೀಸಿದವನನ್ನು ಆ ಸಿಸಿಟಿವಿ ದೃಶ್ಯ ಕಂಡ ನಮ್ಮ ತಲೆಮಾರು ಮರೆತಿಲ್ಲ. ಆಕೆ ಬ್ಯಾಂಕ್ ಉದ್ಯೋಗಿ. ಮುಚ್ಚಿದ ಷಟರಿನ ಹಿಂದೆ ಗಂಟೆಗಟ್ಟಲೆ ರಕ್ತದಲ್ಲಿ ಬಿದ್ದಿದ್ದು ಬದುಕಿ ಬಂದರು. ಅವನು ಸಿಕ್ಕಿದ್ದು 2017ರಲ್ಲಿ. ಆ ವಾರ ನಮ್ಮ ಶಾಖೆಯಲ್ಲಿ ಯಾರೂ ನೆಟ್ಟಗೆ ಕೆಲಸ ಮಾಡಲಾಗಲಿಲ್ಲ. ಕಾರ್ಡನ್ನು ನಿಮಿಷದಲ್ಲಿ ನಿಲ್ಲಿಸಬಹುದು, ಪಿನ್ ಬದಲಿಸಬಹುದು, ದಿನದ ಮಿತಿ ಕಡಿಮೆ ಇಟ್ಟಿದ್ದರೆ ಹೋಗುವ ಹಣವೂ ಕಡಿಮೆಯೇ. ಕೇಳಿದರೆ ಕೊಟ್ಟುಬಿಡಿ. ಅವನು ದೂರ ಸರಿದ ಮೇಲೆ 112ಕ್ಕೂ ಬ್ಯಾಂಕಿಗೂ ಕರೆ ಮಾಡಿ.

ಪೊಲೀಸರ ಹತ್ತಿರ ಹೋಗಲು ನಮ್ಮವರಿಗೆ ಇನ್ನೂ ಹಿಂಜರಿಕೆ. ಹಿಂದೆ ಠಾಣೆಗೆ ಹೋದರೆ ‘ಎಲ್ಲಿ ಕಳೆದದ್ದು, ಅದು ನಮ್ಮ ವ್ಯಾಪ್ತಿಯಲ್ಲ, ಆ ಠಾಣೆಗೆ ಹೋಗಿ’ ಎನ್ನುತ್ತಿದ್ದುದೂ ಉಂಟು. ಈಗ ಸುಮ್ಮನೆ ಕಳೆದುಹೋದ ವಸ್ತುವಾದರೆ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಮನೆಯಿಂದಲೇ ವರದಿ ಕೊಟ್ಟು ಅದರ ಪ್ರತಿ ಪಡೆಯಬಹುದು. ಕಳ್ಳತನವಾದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಲು 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಅವಕಾಶ ಸ್ಪಷ್ಟವಾಗಿದೆ. ಹಣವೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈ ನಂಬರನ್ನು ಬ್ಯಾಂಕಿನ ನಂಬರಿನ ಪಕ್ಕದಲ್ಲೇ ಬರೆದಿಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ಮುಂದಿನ ಬ್ಯಾಂಕಿಗೆ ತಿಳಿಸಿ ಅಲ್ಲಿ ತಡೆಹಿಡಿಸುವುದು ಅವರ ಕೆಲಸ. ಹಣ ನಗದಾಗಿ ಹೊರಬಿದ್ದ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ಇಲ್ಲೂ ಮೊದಲ ಗಂಟೆಗೇ ಬೆಲೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಜಿಲ್ಲೆಗಳಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಗಳಿವೆ. ನಿಮ್ಮ ಜಿಲ್ಲೆಯದು ಎಲ್ಲಿದೆ ಎಂದು ಈಗಲೇ ತಿಳಿದುಕೊಂಡಿರಿ.

ಹೊಸ ಕಾರ್ಡ್ ಬಂದ ಮೇಲೆ ಮರೆತುಬಿಡಬೇಡಿ. ಮುಂದಿನ ಎರಡು ಮೂರು ತಿಂಗಳ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ಓದಿ. ಒಂದೆರಡು ರೂಪಾಯಿಯ ಗುರುತಿಲ್ಲದ ಕಡಿತ ಕಂಡರೆ ಅದನ್ನೂ ಕೇಳಿ, ಕಾರ್ಡ್ ಬದುಕಿದೆಯೇ ಎಂದು ಪರೀಕ್ಷಿಸುವವರು ಮೊದಲು ತೆಗೆಯುವುದು ಅಷ್ಟೇ. ನಂಬರ್ ಬದಲಿಸುವ ಚಾಳಿ ನಿಮ್ಮಲ್ಲಿ ಹೆಚ್ಚು. ಆಫರ್ ಬಂತೆಂದು ಸಿಮ್ ಬದಲಿಸಿ ಬ್ಯಾಂಕಿಗೆ ಹೇಳದೆ ಇದ್ದರೆ, ಹಣ ಹೋದ ಎಸ್‌ಎಂಎಸ್ ಯಾವುದೋ ಹಳೆಯ ನಂಬರಿಗೆ ಹೋಗಿರುತ್ತದೆ. ಆ ಮೂರು ದಿನಗಳ ಲೆಕ್ಕ ನಿಮಗೆ ಗೊತ್ತಿಲ್ಲದೆಯೇ ಕಳೆದುಹೋಗುತ್ತದೆ.

ಅಪ್ಪ ಬೈತಾರೆ ಎಂದು ಹೆದರುವವರಿಗೆ ಒಂದು ಮಾತು. ಬೈಯಬಹುದು. ಬೈದ ಮೇಲೆ ಅವರೇ ನಿಮ್ಮೊಂದಿಗೆ ಶಾಖೆಗೆ ಬರುತ್ತಾರೆ, ಇದನ್ನೂ ನಾನು ಕೌಂಟರಿನ ಆಚೆಯಿಂದ ಮತ್ತೆ ಮತ್ತೆ ನೋಡಿದ್ದೇನೆ. ಮುಚ್ಚಿಟ್ಟು, ಸಾಲ ಮಾಡಿ ಆ ತಿಂಗಳು ದೂಡಿ, ಆಮೇಲೆ ಆನ್‌ಲೈನ್ ಸಾಲದ ಆ್ಯಪ್‌ಗಳ ಕೈಗೆ ಸಿಕ್ಕ ಮಕ್ಕಳನ್ನೂ ನೋಡಿದ್ದೇನೆ. ಮೊದಲನೆಯ ಗುಂಪಿಗೆ ಸೇರಿ. ಪಾಲಕರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಮಗ ಫೋನ್ ಮಾಡಿ ಕಾರ್ಡ್ ಕಳೆಯಿತೆಂದಾಗ ‘ಬ್ಯಾಂಕಿಗೆ ಹೇಳಿದ್ಯಾ’ ಎಂಬುದನ್ನು ಮೊದಲು ಕೇಳಿ, ಬೈಗುಳ ಸಂಜೆಗಿರಲಿ.

ಮನೆಯಲ್ಲಿ ತಮ್ಮನೋ ತಂಗಿಯೋ ಈ ವರ್ಷ ಧಾರವಾಡಕ್ಕೋ ಮೈಸೂರಿಗೋ ಓದಲು ಹೊರಟಿದ್ದರೆ, ಬಸ್ ಹತ್ತಿಸುವ ಮುನ್ನ ಅವರ ಆ್ಯಪನ್ನು ಜೊತೆಯಲ್ಲೇ ಕುಳಿತು ತೆರೆಯಿರಿ. 2020ರ ಆದೇಶದಂತೆ ಹೊಸ ಕಾರ್ಡುಗಳಲ್ಲಿ ಆನ್‌ಲೈನ್, ವಿದೇಶಿ, ತೋರಿಸಿ ಪಾವತಿಸುವ ಬಳಕೆಗಳು ಆಫ್ ಆಗಿಯೇ ಬರುತ್ತವೆ. ಯಾರಾದರೂ ಆನ್ ಮಾಡಿಕೊಟ್ಟಿದ್ದಾರೆಯೇ ನೋಡಿ. ವಿದೇಶಿ ಬಳಕೆಯನ್ನು ಆಫ್ ಇಡಿ. ದಿನಕ್ಕೆ ಎಷ್ಟು ತೆಗೆಯಬಹುದೆಂಬ ಮಿತಿಯನ್ನು ಅವರ ವಾರದ ಖರ್ಚಿಗೆ ಇಳಿಸಿ. ಮನೆಯ ದೊಡ್ಡ ಉಳಿತಾಯ ಇರುವ ಖಾತೆಯ ಕಾರ್ಡನ್ನು ಅವರಿಗೆ ಕೊಡದೆ, ಬೇರೊಂದು ಖಾತೆಗೆ ತಿಂಗಳ ಖರ್ಚನ್ನಷ್ಟೇ ಹಾಕುವ ಏರ್ಪಾಡು ಮಾಡಿ. ಬ್ಲಾಕ್ ಮಾಡುವ ಗುಂಡಿ ಎಲ್ಲಿದೆ ಎಂಬುದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಅವರ ಬೆರಳಿನಿಂದಲೇ ಒಮ್ಮೆ ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ.